ಗ್ರಹ ವಿಜ್ಞಾನಿಯ ಬದುಕು ಬರೀ ಕಾಯುವುದರಲ್ಲೇ ಕಳೆದುಹೋಗುತ್ತಾ?

ಪ್ರಶ್ನೆ: ನಾನು ಭೌತಶಾಸ್ತ್ರ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಗ್ರಹ ವಿಜ್ಞಾನಿ ಆಗಬೇಕೆಂದು ತುಂಬಾ ಆಸೆ. ಆದರೆ ಒಂದೊಂದು ನೌಕೆಗೂ ಹತ್ತಿಪ್ಪತ್ತು ವರ್ಷ ಕಾಯಬೇಕು, ಕೊನೆಗೆ ಅದು ಹಾಳಾದರೆ ಜೀವಮಾನದ ಕೆಲಸವೇ ಹೋದಂತೆ, ಸಂಸಾರಕ್ಕಂತೂ ಸಮಯವೇ ಸಿಗಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಇದು ನಿಜವೇ ಮೇಡಂ? ನೀವು ದಿನಾ ಏನು ಕೆಲಸ ಮಾಡುತ್ತೀರಿ?

ಉತ್ತರ: ನಿಮ್ಮನ್ನು ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ. ಕಾಯಬೇಕು, ನಿಜ. ಕೆಲವೊಮ್ಮೆ ನೌಕೆ ಹಾಳಾಗುತ್ತದೆ, ಅದೂ ನಿಜ. ಆದರೆ ಈ ಕೆಲಸವನ್ನು ದೂರದಿಂದ ನೋಡುವವರಿಗೆ ಕಾಣುವುದು ಎರಡೇ ದಿನ. ರಾಕೆಟ್ ಹಾರಿದ ದಿನ, ನೌಕೆ ಇಳಿದ ಅಥವಾ ಬಿದ್ದ ದಿನ. ನಡುವಿನ ಸಾವಿರಾರು ದಿನಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಬದುಕಿದ್ದೆಲ್ಲ ಆ ನಡುವಿನ ದಿನಗಳಲ್ಲೇ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ನಾನು ಚಂದ್ರನ ಕುಳಿಗಳ ಮೇಲೆ ಕೆಲಸ ಮಾಡುತ್ತೇನೆ. ಇಪ್ಪತ್ತೆರಡು ವರ್ಷ ಆಯಿತು. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಲೂನಾರ್ ರಿಕನೈಸೆನ್ಸ್ ಆರ್ಬಿಟರ್ ತೆಗೆದ ಒಂದು ಫೋಟೊ ತೆರೆಯುತ್ತೇನೆ. ಈ ನೌಕೆ 2009ರಿಂದ ಚಂದ್ರನನ್ನು ಸುತ್ತುತ್ತಿದೆ. ಅದರ ಒಳ್ಳೆಯ ಫೋಟೊಗಳಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು ಅರ್ಧ ಮೀಟರ್. ನಾನು ಮೊದಲು ನೋಡುವುದು ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಎಂದು. ನಮ್ಮ ಮಿದುಳಿಗೆ ಬೆಳಕು ಮೇಲಿನಿಂದ ಬಂದೇ ರೂಢಿ. ಫೋಟೊದಲ್ಲಿ ಬೆಳಕು ಕೆಳಗಿನಿಂದ ಬಿದ್ದಿದ್ದರೆ ಕುಳಿಗಳೆಲ್ಲ ದಿಬ್ಬಗಳಂತೆ ಉಬ್ಬಿಕೊಂಡು ಕಾಣುತ್ತವೆ. ಫೋಟೊವನ್ನು ತಲೆಕೆಳಗು ಮಾಡಿದ ಕೂಡಲೇ ಅಷ್ಟೂ ದಿಬ್ಬಗಳು ಒಮ್ಮೆಲೇ ಒಳಕ್ಕೆ ಕುಸಿದು ಕುಳಿಗಳಾಗುತ್ತವೆ. ಇಷ್ಟು ವರ್ಷವಾದರೂ ಆ ಕ್ಷಣ ನನಗೆ ಹಳತಾಗಿಲ್ಲ.

ಆಮೇಲೆ ಒಂದೊಂದೇ ಕುಳಿಯ ಅಂಚಿನ ಮೇಲೆ ವೃತ್ತ ಎಳೆಯುತ್ತಾ ಹೋಗುತ್ತೇನೆ. ಅಂಚು ಚೂಪಾಗಿದ್ದರೆ ಹೊಸದು. ಅಂಚು ಸವೆದು, ಒಳಗೆ ಮಣ್ಣು ತುಂಬಿ, ಬಟ್ಟಲಿನಂತಿದ್ದದ್ದು ತಟ್ಟೆಯಂತಾಗಿದ್ದರೆ ಹಳೆಯದು. ಕೆಲವು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವು ಬಾಹ್ಯಾಕಾಶದಿಂದ ನೇರವಾಗಿ ಬಂದು ಬಿದ್ದ ಕಲ್ಲುಗಳ ಗುರುತಲ್ಲ. ದೂರದಲ್ಲೆಲ್ಲೋ ಒಂದು ದೊಡ್ಡ ಕುಳಿ ಆದಾಗ ಅಲ್ಲಿಂದ ಎರಚಿದ ಬಂಡೆಗಳು ಇಲ್ಲಿ ಬಿದ್ದು ಆದ ಮರಿಕುಳಿಗಳು. ಅವನ್ನು ಲೆಕ್ಕಕ್ಕೆ ಸೇರಿಸಿದರೆ ಉತ್ತರ ತಪ್ಪುತ್ತದೆ. ಒಂದು ದಿನಕ್ಕೆ ಐದಾರು ನೂರು ಕುಳಿ ಎಣಿಸಿದರೆ ಕಣ್ಣು ಸೋಲುತ್ತದೆ. ಅದೇ ಫೋಟೊವನ್ನು ಇನ್ನೊಬ್ಬ ಅನುಭವಿ ಎಣಿಸಿದರೆ ಅವರ ಲೆಕ್ಕವೇ ಬೇರೆ ಬರುತ್ತದೆ. ಆಗ ಇಬ್ಬರೂ ಅಕ್ಕಪಕ್ಕ ಕೂತು, ಇದು ಕುಳಿ ಹೌದೋ ಅಲ್ಲವೋ, ಇದರ ಅಂಚು ಎಲ್ಲಿಗೆ ಮುಗಿಯಿತು ಎಂದು ಒಂದೊಂದೇ ವೃತ್ತಕ್ಕೆ ವಾದ ಮಾಡುತ್ತೇವೆ.

ಯಾಕೆ ಎಣಿಸಬೇಕು ಅಂತೀರಾ? ಮಳೆ ಹನಿಯುವಾಗ ಒಂದು ಒಣ ಚಪ್ಪಡಿ ಕಲ್ಲನ್ನು ಹೊರಗಿಟ್ಟರೆ, ಅದರ ಮೇಲೆ ಬಿದ್ದ ಹನಿಗಳ ಗುರುತು ಎಣಿಸಿ ಎಷ್ಟು ಹೊತ್ತಿನಿಂದ ಹೊರಗಿದೆ ಎಂದು ಹೇಳಬಹುದಲ್ವಾ? ಚಂದ್ರನ ನೆಲದ ವಯಸ್ಸು ಹೇಳುವುದೂ ಹಾಗೆಯೇ. ಲಾವಾ ಹರಿದು ನೆಲ ಹೊಸದಾದಾಗ ಚಪ್ಪಡಿ ಖಾಲಿ. ಆಮೇಲೆ ಹನಿ ಬೀಳುತ್ತಾ ಹೋಗುತ್ತದೆ. ಆದರೆ ಹನಿ ಎಣಿಸಿದರಷ್ಟೇ ಸಾಲದು, ಮಳೆ ಎಷ್ಟು ಜೋರಾಗಿತ್ತು ಎಂದೂ ತಿಳಿದಿರಬೇಕು. ಅದಕ್ಕೆ ಅಪೊಲೊ ಮತ್ತು ಲೂನಾ ನೌಕೆಗಳು ತಂದ ಕಲ್ಲುಗಳೇ ಆಧಾರ. ಕಲ್ಲಿನ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆದು, ಅದು ಸಿಕ್ಕ ಜಾಗದ ಕುಳಿಗಳ ಲೆಕ್ಕದ ಜೊತೆ ತಾಳೆ ಹಾಕುತ್ತೇವೆ. ತೊಂದರೆ ಏನೆಂದರೆ ಆ ಲಾವಾ ಕಲ್ಲುಗಳು ಹೆಚ್ಚುಕಡಿಮೆ ಎಲ್ಲವೂ 300 ಕೋಟಿ ವರ್ಷಕ್ಕಿಂತ ಹಳೆಯವು. 100 ಕೋಟಿಯಿಂದ 300 ಕೋಟಿ ವರ್ಷದ ನಡುವೆ, ಇಂಥದೇ ಜಾಗದಿಂದ ಬಂತು ಎಂದು ಬೆರಳಿಟ್ಟು ತೋರಿಸುವಂಥ ಒಂದು ಕಲ್ಲೂ ನಮ್ಮ ಹತ್ತಿರ ಇರಲಿಲ್ಲ. ಅಷ್ಟು ದೊಡ್ಡ ಅವಧಿಯನ್ನು ಬರೀ ಅಂದಾಜಿನ ಮೇಲೆ ದಾಟುತ್ತಿದ್ದೆವು.

2020ರ ಡಿಸೆಂಬರಿನಲ್ಲಿ ಚೀನಾದ ಚಾಂಗ್‌ಇ-5 ನೌಕೆ ಚಂದ್ರನಿಂದ 1,731 ಗ್ರಾಂ ಕಲ್ಲುಮಣ್ಣು ತಂದಿತು. ಅದು ಇಳಿದ ಬಯಲನ್ನು ನಾನು ಅದಕ್ಕಿಂತ ಮೊದಲೇ ಎಣಿಸಿದ್ದೆ. ಬೇರೆ ಬೇರೆ ತಂಡಗಳ ಅಂದಾಜುಗಳಲ್ಲಿ ನೂರು ಕೋಟಿ ವರ್ಷಕ್ಕಿಂತ ಜಾಸ್ತಿ ವ್ಯತ್ಯಾಸ ಇತ್ತು. ನನ್ನ ಲೆಕ್ಕ 170 ಕೋಟಿ ಹತ್ತಿರ ಬಂದಿತ್ತು. 2021ರಲ್ಲಿ ಕಲ್ಲಿನ ವಯಸ್ಸು ಪ್ರಕಟವಾಯಿತು: ಸುಮಾರು 200 ಕೋಟಿ ವರ್ಷ. ಅವತ್ತು ರಾತ್ರಿ ಹಳೆಯ ಫೈಲ್ ತೆರೆದು ನನ್ನ ವೃತ್ತಗಳನ್ನೆಲ್ಲ ಮತ್ತೆ ನೋಡಿದೆ. ಸವೆದು ಮಸುಕಾದ ಕುಳಿಗಳನ್ನು ಒಂದು ಮೂಲೆಯಲ್ಲಿ ಪೂರ್ತಿ ಬಿಟ್ಟುಬಿಟ್ಟಿದ್ದೆ. ಎಷ್ಟೋ ವರ್ಷ ದಿಟ್ಟಿಸಿ ನೋಡಿದ್ದ ಬಯಲಿನ ಒಂದು ಚಿಟಿಕೆ ಮಣ್ಣು ಕೊನೆಗೂ ಉತ್ತರ ಹೇಳಿತ್ತು, ನನ್ನ ತಪ್ಪು ಎಲ್ಲಿ ಎಂದೂ ಗೊತ್ತಾಯಿತು. ಅಷ್ಟು ಸಂತೋಷ ನನಗೆ ಯಾವ ಪ್ರಶಸ್ತಿಯಿಂದಲೂ ಆಗಿಲ್ಲ.

ಈಗ ಕಾಯುವ ವಿಷಯ. ನ್ಯೂ ಹೊರೈಜನ್ಸ್ ನೌಕೆ ಹೊರಟಿದ್ದು 2006ರ ಜನವರಿ 19ರಂದು. ಪ್ಲೂಟೊ ಪಕ್ಕ ಹಾದುಹೋಗಿದ್ದು 2015ರ ಜುಲೈ 14ರಂದು. ಒಂಬತ್ತೂವರೆ ವರ್ಷ. ಅದೂ ಹಾರಿದ ಮೇಲಿನ ಲೆಕ್ಕ. ಯೋಜನೆಗೆ ಒಪ್ಪಿಗೆ ಪಡೆಯಲು ಅದರ ತಂಡ ಪಟ್ಟ ಪಾಡು ಬೇರೆ. ಆದರೆ ಆ ಒಂಬತ್ತೂವರೆ ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. 2007ರಲ್ಲಿ ಗುರುವಿನ ಪಕ್ಕ ಹೋಗುವಾಗ ಅದರ ಉಪಗ್ರಹ ಅಯೋದ ಜ್ವಾಲಾಮುಖಿ ಚಿಮ್ಮುವುದನ್ನು ಸೆರೆಹಿಡಿದರು. ಹಬಲ್ ದೂರದರ್ಶಕದಲ್ಲಿ ಹುಡುಕುವಾಗ ಪ್ಲೂಟೊಗೆ 2011ರಲ್ಲಿ ಒಂದು, 2012ರಲ್ಲಿ ಇನ್ನೊಂದು ಹೊಸ ಉಪಗ್ರಹ ಸಿಕ್ಕಿತು. ಅಷ್ಟೆಲ್ಲ ಮಾಡಿ, ಇನ್ನು ಹತ್ತೇ ದಿನ ಇದೆ ಎನ್ನುವಾಗ, ಜುಲೈ 4ರಂದು, ನೌಕೆಯ ಕಂಪ್ಯೂಟರಿಗೆ ಒಂದೇ ಸಲ ಕೆಲಸ ಜಾಸ್ತಿಯಾಗಿ ಅದು ತೀರಾ ಬೇಕಾದ ಕೆಲಸ ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸುವ ಸೇಫ್ ಮೋಡ್‌ಗೆ ಹೋಯಿತು, ಸ್ವಲ್ಪ ಹೊತ್ತು ಸಂಪರ್ಕವೇ ತಪ್ಪಿತು. ಇಲ್ಲಿಂದ ಒಂದು ಮಾತು ಅಲ್ಲಿಗೆ ಮುಟ್ಟಲು ನಾಲ್ಕೂವರೆ ಗಂಟೆ, ಉತ್ತರ ಬರಲು ಇನ್ನೊಂದು ನಾಲ್ಕೂವರೆ ಗಂಟೆ. ಮೂರು ದಿನದಲ್ಲಿ ಎಲ್ಲವನ್ನೂ ಸರಿಮಾಡಿ ಮತ್ತೆ ಕೆಲಸಕ್ಕೆ ಹಚ್ಚಿದರು. ಪ್ಲೂಟೊದ ಮೇಲಿನ ಹೃದಯದಾಕಾರದ ಬಿಳಿ ಬಯಲನ್ನು ನೀವೂ ನೋಡಿರುತ್ತೀರಿ. ಅವತ್ತು ಸಂಗ್ರಹವಾದ ಮಾಹಿತಿಯೆಲ್ಲ ಭೂಮಿಗೆ ಬಂದು ಮುಗಿದಿದ್ದು 2016ರ ಅಕ್ಟೋಬರಿನಲ್ಲಿ. ತೊಟ್ಟು ತೊಟ್ಟಾಗಿ ಬರುತ್ತಿತ್ತು. ಆ ಒಂದು ವರ್ಷಕ್ಕೂ ಮೀರಿದ ಕಾಲದಲ್ಲಿ ಹೊಸ ಫೋಟೊಗಳು ಬರುತ್ತಲೇ ಇದ್ದವು. ಅದನ್ನು ಕಾಯುವುದು ಅನ್ನಬೇಕೋ ಹಬ್ಬ ಅನ್ನಬೇಕೋ ನೀವೇ ಹೇಳಿ.

ಇನ್ನೊಂದು ಥರದ ಕಾಯುವಿಕೆ ಇದೆ, ಅದರ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. 1972ರಲ್ಲಿ ಅಪೊಲೊ 17ರ ಗಗನಯಾತ್ರಿಗಳು ಚಂದ್ರನ ನೆಲಕ್ಕೆ ಕೊಳವೆ ಹೊಡೆದು ತೆಗೆದ ಮಣ್ಣಿನಲ್ಲಿ ಒಂದು ಭಾಗವನ್ನು ಅಲ್ಲಿಯೇ ಗಾಳಿಯಾಡದಂತೆ ಮುಚ್ಚಿ ತಂದರು. ತಂದ ಮೇಲೂ ತೆರೆಯಲಿಲ್ಲ. ಮುಂದೆ ಇನ್ನೂ ಒಳ್ಳೆಯ ಉಪಕರಣ ಬರುತ್ತದೆ, ಆಗಿನವರು ನೋಡಲಿ ಎಂದು ಎತ್ತಿಟ್ಟರು. ತೆರೆದಿದ್ದು 2022ರಲ್ಲಿ. ಹೆಚ್ಚುಕಡಿಮೆ ಐವತ್ತು ವರ್ಷ. ಅದರ ಮೇಲೆ ಈಗ ಕೆಲಸ ಮಾಡುತ್ತಿರುವ ಎಷ್ಟೋ ಜನ ಆಗ ಹುಟ್ಟಿರಲೇ ಇಲ್ಲ.

ಹಾಳಾದರೆ? ಹಾಳಾಗುತ್ತದೆ. ಜೆನೆಸಿಸ್ ಎಂಬ ನೌಕೆ ಸೂರ್ಯನಿಂದ ಬೀಸುವ ಕಣಗಳನ್ನು ಅತಿ ಶುದ್ಧವಾದ ತೆಳು ಬಿಲ್ಲೆಗಳಲ್ಲಿ ಹಿಡಿದುಕೊಂಡು 2004ರ ಸೆಪ್ಟೆಂಬರ್ 8ರಂದು ಭೂಮಿಗೆ ವಾಪಸ್ಸು ಬಂತು. ವೇಗ ತಗ್ಗಿದ್ದನ್ನು ಗುರುತಿಸಬೇಕಿದ್ದ ಸ್ವಿಚ್ಚುಗಳನ್ನು ತಿರುಗುಮುರುಗಾಗಿ ಕೂರಿಸಿದ್ದರಿಂದ ಪ್ಯಾರಾಶೂಟ್ ಬಿಚ್ಚಲಿಲ್ಲ. ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಮರುಭೂಮಿಗೆ ಅಪ್ಪಳಿಸಿತು. ಬಿಲ್ಲೆಗಳು ಸಾವಿರಾರು ಚೂರಾದವು, ಮೇಲೆಲ್ಲ ಕೆಸರು. ಅಲ್ಲಿಗೆ ಎಲ್ಲ ಮುಗಿಯಿತು ಅಂತಲೇ ಹೊರಗಿನವರು ತಿಳಿದರು. ತಂಡದವರು ಚೂರುಗಳನ್ನು ಒಂದೊಂದಾಗಿ ಆರಿಸಿ, ತೊಳೆದು, ಇದು ಯಾವ ಬಿಲ್ಲೆಯದು ಎಂದು ಗುರುತು ಹಚ್ಚಿ ವರ್ಷಗಟ್ಟಲೆ ಕೂತರು. 2011ರಲ್ಲಿ ಅವರು ಅತಿ ಮುಖ್ಯ ಎಂದುಕೊಂಡಿದ್ದ ಉತ್ತರ ಬಂದೇ ಬಂತು: ಸೂರ್ಯನ ಆಮ್ಲಜನಕದಲ್ಲಿ ಹಗುರ ಬಗೆಯ ಪಾಲು ಭೂಮಿಯದಕ್ಕಿಂತ ಜಾಸ್ತಿ. ಒಂದೇ ಮೋಡದಿಂದ ಹುಟ್ಟಿದ ಸೂರ್ಯ, ಭೂಮಿಗಳ ನಡುವೆ ಈ ವ್ಯತ್ಯಾಸ ಹೇಗೆ ಬಂತು ಎಂಬ ಪ್ರಶ್ನೆಯ ಮೇಲೆ ಎಷ್ಟೋ ಜನ ತಮ್ಮ ಪಿಎಚ್‌ಡಿ ಮಾಡಿದ್ದಾರೆ.

ಚಂದ್ರಯಾನ-2ರ ವಿಕ್ರಮ್ ನೌಕೆ 2019ರ ಸೆಪ್ಟೆಂಬರಿನಲ್ಲಿ ಚಂದ್ರನ ಮೇಲೆ ಬಿದ್ದಾಗ ಅದರ ಜೊತೆ ನೆಲದ ಉಷ್ಣಾಂಶ ಅಳೆಯುವ ಉಪಕರಣವೂ ಹೋಯಿತು. ಅಂಥದೇ ಉಪಕರಣ 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಜೊತೆ ಇಳಿದು, ನೆಲದೊಳಕ್ಕೆ ಚುಚ್ಚಿಕೊಂಡು ಅಳತೆ ಕಳಿಸಿತು. ನಾಲ್ಕು ವರ್ಷ ತಡವಾಯಿತು, ಅಷ್ಟೇ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಬೀಗಲ್-2 ಎಂಬ ಪುಟ್ಟ ನೌಕೆ 2003ರ ಡಿಸೆಂಬರ್ 25ರಂದು ಮಂಗಳದಲ್ಲಿ ಇಳಿಯಬೇಕಿತ್ತು. ಒಂದು ಸದ್ದೂ ಬರಲಿಲ್ಲ. ಬಿದ್ದು ಪುಡಿಯಾಯಿತು ಎಂದೇ ಎಲ್ಲರೂ ಅಂದುಕೊಂಡರು. 2015ರ ಜನವರಿಯಲ್ಲಿ, ಮಂಗಳವನ್ನು ಸುತ್ತುವ ಇನ್ನೊಂದು ನೌಕೆಯ ಫೋಟೊಗಳಲ್ಲಿ ಅದು ಪತ್ತೆಯಾಯಿತು. ಪುಡಿಯಾಗಿರಲಿಲ್ಲ. ನೆಟ್ಟಗೆ ಇಳಿದಿತ್ತು. ಹೂವಿನ ಎಸಳಿನಂತೆ ಬಿಚ್ಚಿಕೊಳ್ಳಬೇಕಿದ್ದ ಸೌರಫಲಕಗಳು ಪೂರ್ತಿ ಬಿಚ್ಚಿಕೊಂಡಿರಲಿಲ್ಲ, ಆಂಟೆನಾ ಅದರ ಅಡಿಗೆ ಸಿಕ್ಕಿಕೊಂಡಿತ್ತು. ಅದನ್ನು ಕಟ್ಟಲು ಜೀವ ತೇಯ್ದ ಕಾಲಿನ್ ಪಿಲಿಂಜರ್ ಹಿಂದಿನ ವರ್ಷದ ಮೇ ತಿಂಗಳಲ್ಲಷ್ಟೇ ತೀರಿಕೊಂಡಿದ್ದರು. ತಮ್ಮ ನೌಕೆ ಇಳಿದಿತ್ತು ಎಂದು ಅವರಿಗೆ ತಿಳಿಯಲೇ ಇಲ್ಲ.

ನನಗೂ ಒಂದು ಪೆಟ್ಟು ಬಿದ್ದಿದೆ. ನೆರಳಿನಲ್ಲಿರುವ ಕುಳಿಗಳ ಒಳಗೆ ನೋಡುವ ಒಂದು ಸಣ್ಣ ಕ್ಯಾಮೆರಾಕ್ಕಾಗಿ ನಾವು ಆರು ಜನ ಮೂರು ವರ್ಷ ದುಡಿದೆವು. ನೌಕೆಯ ತೂಕ ಜಾಸ್ತಿಯಾಯಿತು, ಏನಾದರೂ ಒಂದನ್ನು ಬಿಡಬೇಕಾಯಿತು, ನಮ್ಮದನ್ನು ಬಿಟ್ಟರು. ಒಂದು ಫೋನ್ ಕರೆಯಲ್ಲಿ ಮುಗಿದುಹೋಯಿತು. ಅವತ್ತು ಮನೆಗೆ ಬಂದು ಅತ್ತಿದ್ದೆ. ಆ ಕ್ಯಾಮೆರಾದ ಮಾದರಿ ಈಗಲೂ ನನ್ನ ಕಪಾಟಿನಲ್ಲಿದೆ. ಮಸುಕು ಫೋಟೊಗಳನ್ನು ತಿದ್ದಲು ಅದಕ್ಕಾಗಿ ಬರೆದ ಪ್ರೋಗ್ರಾಮನ್ನು ಮಾತ್ರ ನನ್ನ ವಿದ್ಯಾರ್ಥಿಗಳು ದಿನಾ ಬಳಸುತ್ತಾರೆ.

ಸಂಸಾರದ ಬಗ್ಗೆ ಕೇಳಿದ್ದೀರಿ. ನನ್ನ ಪ್ರಕಾರ ಈ ಕೆಲಸದಲ್ಲಿ ಕಷ್ಟದ ಕಾಲ ನೌಕೆಗಾಗಿ ಕಾಯುವುದಲ್ಲ, ಪಿಎಚ್‌ಡಿ ಮುಗಿದ ಮೇಲಿನ ಐದಾರು ವರ್ಷ. ಪೋಸ್ಟ್‌ಡಾಕ್ ಅಂದರೆ ಎರಡು ಮೂರು ವರ್ಷದ ಗುತ್ತಿಗೆ. ಮುಗಿದ ಕೂಡಲೇ ಬೇರೆ ಊರು, ಬೇರೆ ದೇಶ. ನನ್ನ ಗಂಡ ಗಣಿತದ ಮೇಷ್ಟ್ರು. ಮದುವೆಯಾದ ಮೊದಲ ನಾಲ್ಕು ವರ್ಷದಲ್ಲಿ ಮೂರು ವರ್ಷ ನಾವು ಬೇರೆ ಬೇರೆ ಕಡೆ ಇದ್ದೆವು. ಮಗಳು ಹುಟ್ಟಿದಾಗ ನನ್ನ ಗುತ್ತಿಗೆ ಮುಗಿಯಲು ಏಳು ತಿಂಗಳಿತ್ತು, ಮುಂದೇನು ಎಂದು ಗೊತ್ತಿರಲಿಲ್ಲ. ಆಗ ಅವರು ತಮ್ಮ ಕೆಲಸ ಬಿಟ್ಟು ನಾನಿದ್ದಲ್ಲಿಗೆ ಬಂದರು. ಅದರ ಬೆಲೆ ನನಗೆ ಗೊತ್ತಿದೆ. ಸುಮ್ನೆ ಎಲ್ಲವೂ ಸರಿಹೋಗುತ್ತದೆ ಎಂದು ನಿಮಗೆ ಹೇಳಿದರೆ ನನ್ನ ಗಂಡನಿಗೆ ಮೋಸ ಮಾಡಿದಂತೆ. ಜೊತೆಗಾರರ ಹತ್ತಿರ ಈ ಮಾತನ್ನು ಮೊದಲೇ ಬಿಚ್ಚಿ ಆಡಿ. ಯಾರ ಕೆಲಸಕ್ಕಾಗಿ ಯಾರು ಎಷ್ಟು ವರ್ಷ ಊರು ಬಿಡುವುದು ಎಂಬುದನ್ನು ತೀರಾ ನೇರವಾಗಿ ಆಡಿ.

ಮಂಗಳದ ರೋವರ್ ನಡೆಸುವವರ ಮನೆ ಕಥೆ ಇನ್ನೂ ಬೇರೆ. ಅಲ್ಲಿನ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡ್. ರೋವರ್ ಇಳಿದ ಮೊದಲ ತಿಂಗಳುಗಳಲ್ಲಿ ತಂಡ ಆ ಗಡಿಯಾರಕ್ಕೇ ಬದುಕುತ್ತದೆ. ಪ್ರತಿದಿನ ಕೆಲಸ ಶುರುವಾಗುವುದು ನಲವತ್ತು ನಿಮಿಷ ತಡ. ಎರಡೂವರೆ ವಾರದಲ್ಲಿ ಹಗಲಿನ ಕೆಲಸ ನಡುರಾತ್ರಿಗೆ ಬಂದಿರುತ್ತದೆ. 2012ರಲ್ಲಿ ಕ್ಯೂರಿಯಾಸಿಟಿ ಇಳಿದಾಗ ತಂಡದ ಒಬ್ಬ ಎಂಜಿನಿಯರ್ ಮನೆಯಲ್ಲಿ ಹೆಂಡತಿ, ಮೂವರು ಮಕ್ಕಳು ಎಲ್ಲರೂ ಒಂದು ತಿಂಗಳು ಮಂಗಳದ ಸಮಯಕ್ಕೇ ಎದ್ದು ಮಲಗಿದರು. ಅಪ್ಪ ಎಚ್ಚರ ಇರುವಾಗ ಮಕ್ಕಳೂ ಎಚ್ಚರ. ಇದು ನನಗೆ ತುಂಬಾ ಇಷ್ಟದ ಸುದ್ದಿ.

ನಾನು ಅಷ್ಟು ಚೆನ್ನಾಗಿ ಮಾಡಲಿಲ್ಲ. ಮಗಳಿಗೆ ಎಂಟು ವರ್ಷವಿದ್ದಾಗ ಅವಳ ಶಾಲೆಯ ನಾಟಕದ ದಿನ ಒಂದು ಯೋಜನಾ ವರದಿ ಮುಗಿಸಬೇಕಿತ್ತು ಎಂದು ಹೋಗಲಿಲ್ಲ. ಆ ವರದಿಗೆ ಹಣ ಸಿಗಲಿಲ್ಲ, ಆ ನಾಟಕವೂ ಮತ್ತೆ ಬರಲಿಲ್ಲ. ಅವತ್ತಿನಿಂದ ಅವಳ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲು ಬರೆಯುತ್ತೇನೆ, ಮೀಟಿಂಗುಗಳನ್ನು ಆಮೇಲೆ. ಒಂದು ಭಾನುವಾರ ಅವಳಿಗೆ ನನ್ನ ಕೆಲಸ ತೋರಿಸೋಣವೆಂದು ಅಗಲ ತಟ್ಟೆಗೆ ಹಿಟ್ಟು ಹರಡಿ, ಮೇಲೆ ತೆಳುವಾಗಿ ಬಣ್ಣದ ಪುಡಿ ಉದುರಿಸಿ, ಗೋಲಿ ಬೀಳಿಸಿದೆವು. ಗೋಲಿ ಬಿದ್ದಲ್ಲಿ ಅಡಿಯ ಬಿಳಿ ಹಿಟ್ಟು ಮೇಲೆ ಬಂದು ಗೆರೆಗೆರೆಯಾಗಿ ಸುತ್ತ ಚಿಮ್ಮಿತು. ಚಂದ್ರನ ಟೈಕೊ ಕುಳಿಯ ಸುತ್ತ ಇರುವ ಬಿಳಿ ಗೆರೆಗಳು ಹೀಗೇ ಆದವು ಎಂದೆ. ಅವಳು ಇನ್ನೊಂದು ಗೋಲಿಯನ್ನು ಓರೆಯಾಗಿ ಎಸೆದು, "ಅಮ್ಮಾ, ಓರೆಯಾಗಿ ಬಿದ್ದರೂ ಗುಂಡಗೇ ಯಾಕಿದೆ?" ಎಂದು ಕೇಳಿದಳು. ಅದೇ ಪ್ರಶ್ನೆಯ ಮೇಲೆ ದೊಡ್ಡವರು ದಶಕಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ನಿಜವಾದ ಕುಳಿಯಲ್ಲಿ ಕಲ್ಲು ಎಷ್ಟು ವೇಗದಲ್ಲಿ ಬರುತ್ತದೆ ಅಂದರೆ ಅದು ನೆಲ ತೋಡುವುದಿಲ್ಲ, ಸ್ಫೋಟಿಸುತ್ತದೆ. ಸ್ಫೋಟ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ತೀರಾ ನೆಲ ಸವರಿಕೊಂಡು ಬಂದರೆ ಮಾತ್ರ ಕುಳಿ ಉದ್ದವಾಗುತ್ತದೆ.

ಜೊತೆಯಲ್ಲೇ ಈ ಕೆಲಸ ಮಾಡಿದ ದಂಪತಿಯೂ ಇದ್ದಾರೆ. ಕ್ಯಾರೊಲಿನ್ ಶೂಮೇಕರ್ ಮಕ್ಕಳನ್ನು ಬೆಳೆಸಿ, ಐವತ್ತು ದಾಟಿದ ಮೇಲೆ ದೂರದರ್ಶಕದ ಕೆಲಸ ಕಲಿತು 32 ಧೂಮಕೇತುಗಳನ್ನು ಕಂಡುಹಿಡಿದರು. ಅವರ ಪತಿ ಯೂಜಿನ್ ಕುಳಿಗಳ ಅಧ್ಯಯನಕ್ಕೆ ಬುನಾದಿ ಹಾಕಿದವರು. ಚಂದ್ರನಿಗೆ ಹೋಗಬೇಕೆಂಬ ಅವರ ಆಸೆ ಕಾಯಿಲೆಯಿಂದ ಈಡೇರಲಿಲ್ಲ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಇಬ್ಬರೂ ಕುಳಿ ನೋಡಲು ಹೋದಾಗ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು, ಕ್ಯಾರೊಲಿನ್ ಗಾಯಗೊಂಡು ಉಳಿದರು. ಮುಂದೆ ಯೂಜಿನ್ ಅವರ ಚಿತಾಭಸ್ಮದ ಒಂದು ಪಾಲು ಲೂನಾರ್ ಪ್ರಾಸ್ಪೆಕ್ಟರ್ ನೌಕೆಯಲ್ಲಿ ಹೋಗಿ 1999ರ ಜುಲೈ 31ರಂದು ಚಂದ್ರನನ್ನು ಸೇರಿತು.

ಕೆಲಸದ ಹೊರಗೆ ಏನಾದರೂ ಇರಲೇಬೇಕು. ನಾನು ಆರು ಇಂಚಿನ ದೂರದರ್ಶಕ ಇಟ್ಟುಕೊಂಡು ಚಂದ್ರನ ಚಿತ್ರ ಬರೆಯುತ್ತೇನೆ, ಪೆನ್ಸಿಲ್‌ನಲ್ಲಿ. ಬೆಳಕು, ನೆರಳು ಸೇರುವ ಗೆರೆಯ ಮೇಲೆ ಕೋಪರ್ನಿಕಸ್ ಕುಳಿ ಬಂದಾಗ ಅದರ ಒಳಗೋಡೆಯ ಮೆಟ್ಟಿಲುಗಳು ಒಂದೊಂದಾಗಿ ಬೆಳಗುತ್ತವೆ. ಅರ್ಧ ಗಂಟೆಯಲ್ಲಿ ನೆರಳು ಸರಿದಿರುವುದು ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಸಾವಿರ ಸಲ ನೋಡಿದ ಕುಳಿ ಅದು, ಆದರೂ ಚಿತ್ರ ಬರೆಯುವಾಗ ಹೊಸದೇನೋ ಕಾಣುತ್ತದೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಗೊತ್ತಲ್ವಾ? ಸಂಗೀತಕ್ಕಾಗಿ ಅರ್ಧಕ್ಕೆ ಬಿಟ್ಟಿದ್ದ ಪಿಎಚ್‌ಡಿಯನ್ನು ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ, 2007ರಲ್ಲಿ ಮುಗಿಸಿದರು. ಸೌರಮಂಡಲದಲ್ಲಿ ಹರಡಿರುವ ದೂಳಿನ ಮೇಲೆ.

ನೀವು ಈಗ ಏನು ಮಾಡಬೇಕು ಅಂದರೆ, ಭೌತಶಾಸ್ತ್ರ ಬಿಡಬೇಡಿ, ಪ್ರೋಗ್ರಾಮಿಂಗ್ ಕಲಿಯಿರಿ, ಒಂದಿಷ್ಟು ಭೂವಿಜ್ಞಾನ ಓದಿ. ನೌಕೆಯ ತಂಡಕ್ಕೆ ಸೇರುವವರೆಗೆ ಕಾಯಬೇಕಿಲ್ಲ. ಶುಕ್ರವನ್ನು ಸುತ್ತಿದ ಮೆಜೆಲನ್ ನೌಕೆ 1991ರಲ್ಲಿ ಕೆಲವು ತಿಂಗಳ ಅಂತರದಲ್ಲಿ ತೆಗೆದ ಎರಡು ರೇಡಾರ್ ಚಿತ್ರಗಳನ್ನು ಇಬ್ಬರು ವಿಜ್ಞಾನಿಗಳು ಪಕ್ಕಪಕ್ಕ ಇಟ್ಟು ನೋಡಿದರು. ಜ್ವಾಲಾಮುಖಿಯ ಒಂದು ಬಾಯಿ ಅಷ್ಟರಲ್ಲಿ ಆಕಾರ ಬದಲಿಸಿ ಅಗಲವಾಗಿತ್ತು. ಅವರು ಅದನ್ನು ಪ್ರಕಟಿಸಿದ್ದು 2023ರಲ್ಲಿ. ಮೂವತ್ತು ವರ್ಷ ಆ ಚಿತ್ರಗಳು ಎಲ್ಲರಿಗೂ ಸಿಗುವಂತೆಯೇ ಇದ್ದವು. ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಂ, ಇಸ್ರೋದ ಪ್ರದಾನ್, ಎರಡರಲ್ಲೂ ಇಂಥ ಮಾಹಿತಿ ರಾಶಿಯೇ ಇದೆ, ಹಣ ಕೊಡಬೇಕಾಗಿಲ್ಲ.

ಈ ವಾರ ಚಂದ್ರನ ಒಂದು ಫೋಟೊ ಇಳಿಸಿಕೊಳ್ಳಿ. ಲಾವಾ ಬಯಲಿನದ್ದೇ ಆಗಲಿ, ಬೆಟ್ಟದ ಜಾಗ ಮೊದಲಿಗೆ ಕಷ್ಟ. ಒಂದು ಚೌಕ ಗುರುತು ಮಾಡಿ ಅದರೊಳಗಿನ ಕುಳಿಗಳನ್ನಷ್ಟೇ ಎಣಿಸಿ. ಸಾಲಾಗಿರುವವನ್ನು ಬಿಡಿ. ಎಲ್ಲವೂ ದಿಬ್ಬಗಳಂತೆ ಕಂಡರೆ ಫೋಟೊ ತಿರುಗಿಸಿ. ಎಷ್ಟು ಸಿಕ್ಕವು ಎಂದು ಬರೆಯಿರಿ, ಅದೇ ಚೌಕವನ್ನು ನಾನೂ ಎಣಿಸಿ ಕಳಿಸುತ್ತೇನೆ.